ಕೊಬ್ಬಿನ ಊಟಕ್ಕೆ ಪ್ರೊಬಯಾಟಿಕ್ ಕಾವಲು ಎಷ್ಟು ಗಟ್ಟಿ?

ಕೊಬ್ಬು ಹೆಚ್ಚಿಸಿ ಕಾರ್ಬ್ ತೀರಾ ಕಡಿಮೆ ಮಾಡುವ ಕೀಟೋ ಊಟ ಶುರು ಮಾಡಿದವರು, ಸ್ಕ್ಯಾನಿಂಗ್ ವರದಿಯಲ್ಲಿ ಲಿವರ್‌ಗೆ ಕೊಬ್ಬು ಸೇರಿದೆ ಎಂದು ಓದಿದವರು, ಹೊರಗಿನ ಎಣ್ಣೆ ತಿಂಡಿ ಬಿಡಲಾಗದವರು ಮೆಡಿಕಲ್ ಶಾಪಿನಲ್ಲಿ ಒಂದೇ ಪ್ರಶ್ನೆ ಕೇಳುತ್ತಾರೆ: ಪ್ರೊಬಯಾಟಿಕ್ (ಕರುಳಿಗೆ ಒಳ್ಳೆಯದೆಂದು ಸೇವಿಸುವ ಜೀವಂತ ಬ್ಯಾಕ್ಟೀರಿಯ) ತಗೊಂಡರೆ ಸರಿಹೋಗುತ್ತದೆಯೇ? ಸ್ವಲ್ಪ ಮಟ್ಟಿಗೆ, ಕೆಲವೇ ತಳಿಗಳಿಂದ, ತೆಗೆದುಕೊಳ್ಳುತ್ತಿರುವಷ್ಟು ದಿನ ಮಾತ್ರ ಅನುಕೂಲವಾಗಬಹುದು ಎನ್ನುವುದು ಇದುವರೆಗಿನ ಪ್ರಯೋಗಗಳ ಉತ್ತರ. ಕೊಬ್ಬು ಹೆಚ್ಚಿರುವ ತಟ್ಟೆಯಲ್ಲಿ ನಾರು ಇದೆಯೋ ಇಲ್ಲವೋ ಎಂಬುದು ಕ್ಯಾಪ್ಸೂಲಿಗಿಂತ ದೊಡ್ಡ ವಿಷಯ. ಹಣ, ಶ್ರಮ ಎರಡನ್ನೂ ಮೊದಲು ಅಲ್ಲಿ ಹಾಕಬೇಕು ಎಂಬುದಕ್ಕೆ ಕಾರಣಗಳನ್ನೂ ಅಳತೆಗಳನ್ನೂ ಇಲ್ಲಿ ಬರೆದಿದ್ದೇನೆ.

ಮನುಷ್ಯರ ಮೇಲೆ ನಡೆದ ಎರಡು ಪ್ರಯೋಗಗಳಿಂದ ಆರಂಭಿಸೋಣ. ಎರಡೂ 2015ರಲ್ಲಿ ಪ್ರಕಟವಾದವು. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದಲ್ಲಿ 17 ಆರೋಗ್ಯವಂತರನ್ನು ಎರಡು ಗುಂಪು ಮಾಡಿದರು. 8 ಜನ ಲ್ಯಾಕ್ಟೊಬ್ಯಾಸಿಲಸ್ ಕೇಸಿ ಶಿರೋಟಾ ಇರುವ ಹುದುಗಿಸಿದ ಹಾಲನ್ನು ದಿನಕ್ಕೆ ಎರಡು ಸಲ, 4 ವಾರ ಕುಡಿದರು. ಉಳಿದ 9 ಜನಕ್ಕೆ ಏನನ್ನೂ ಕೊಡಲಿಲ್ಲ. ಮೊದಲ 3 ವಾರ ಎಲ್ಲರದೂ ಮಾಮೂಲಿ ಊಟ. ಕೊನೆಯ 7 ದಿನ ಬೇಕಾದ್ದಕ್ಕಿಂತ ಶೇ. 50ರಷ್ಟು ಹೆಚ್ಚು ಕ್ಯಾಲೊರಿ ಕೊಟ್ಟರು, ಅದರಲ್ಲಿ ಶೇ. 65 ಕೊಬ್ಬಿನಿಂದ. ಒಂದೇ ವಾರದಲ್ಲಿ ಏನೂ ಕುಡಿಯದ ಗುಂಪಿನ ಇನ್ಸುಲಿನ್ ಸಂವೇದನೆ, ಅಂದರೆ ಇನ್ಸುಲಿನ್‌ಗೆ ದೇಹ ಸ್ಪಂದಿಸುವ ಶಕ್ತಿ, ಶೇ. 27ರಷ್ಟು ಕುಸಿಯಿತು. ಶಿರೋಟಾ ಕುಡಿದವರಲ್ಲಿ ಆ ಕುಸಿತ ಕಾಣಲಿಲ್ಲ.

ಅಮೆರಿಕದ ವರ್ಜೀನಿಯಾ ಟೆಕ್‌ನಲ್ಲಿ ನಡೆದ ಇನ್ನೊಂದರಲ್ಲಿ 20 ಯುವಕರಿಗೆ 4 ವಾರ ದಿನಕ್ಕೆ 1000 ಕ್ಯಾಲೊರಿ ಹೆಚ್ಚುವರಿ ಊಟ ಹಾಕಿದರು. ಕೊಬ್ಬಿನ ಪಾಲು ಶೇ. 55. ಒಂದು ಗುಂಪಿಗೆ ವಿಎಸ್‌ಎಲ್ 3 ಎಂಬ ಹಲವು ತಳಿಗಳ ಮಿಶ್ರಣ, ದಿನಕ್ಕೆ 90,000 ಕೋಟಿ ಬ್ಯಾಕ್ಟೀರಿಯದ ಪ್ರಮಾಣದಲ್ಲಿ; ಉಳಿದವರಿಗೆ ಬ್ಯಾಕ್ಟೀರಿಯ ಇಲ್ಲದ, ನೋಡಲು ಅದೇ ಥರದ ಹುಸಿ ಪುಡಿ. ಮಿಶ್ರಣ ತೆಗೆದುಕೊಂಡವರ ತೂಕ ಸರಾಸರಿ 1.42 ಕಿಲೋ ಏರಿತು, ಇತರರದು 2.30 ಕಿಲೋ. ಇನ್ಸುಲಿನ್ ಸಂವೇದನೆಯಲ್ಲಿ ಮಾತ್ರ ಎರಡು ಗುಂಪುಗಳಿಗೆ ವ್ಯತ್ಯಾಸವೇ ಇರಲಿಲ್ಲ.

ಒಂದರಲ್ಲಿ ಇನ್ಸುಲಿನ್ ಸಂವೇದನೆ ಉಳಿಯಿತು, ಇನ್ನೊಂದರಲ್ಲಿ ತೂಕದ ಏರಿಕೆ ತಗ್ಗಿತು. ತಳಿ ಬೇರೆ, ಪ್ರಮಾಣ ಬೇರೆ, ಊಟದ ಅವಧಿ ಬೇರೆ, ಫಲವೂ ಬೇರೆ. ಹಾಗಾಗಿ ‘ಪ್ರೊಬಯಾಟಿಕ್ ಒಳ್ಳೆಯದು’ ಎಂಬ ಮಾತಿಗೆ ‘ಮಾತ್ರೆ ಒಳ್ಳೆಯದು’ ಎನ್ನುವಷ್ಟೇ ಅರ್ಥ. ಯಾವ ಮಾತ್ರೆ, ಯಾವುದಕ್ಕೆ ಎಂದು ಹೇಳದಿದ್ದರೆ ಉಪಯೋಗವಿಲ್ಲ. ಇನ್ನೊಂದು ಸಂಗತಿ, ಎರಡೂ ಪ್ರಯೋಗಗಳು ಚಿಕ್ಕವು. ಲಫ್‌ಬರೋದಲ್ಲಿ ಹುಸಿ ಪಾನೀಯವೂ ಇರಲಿಲ್ಲ, ಅಂದರೆ ತಾವು ಏನು ಕುಡಿಯುತ್ತಿದ್ದೇವೆಂದು ಭಾಗವಹಿಸಿದವರಿಗೆ ಗೊತ್ತಿತ್ತು.

ಕೊಬ್ಬು ಕರುಳಿನಲ್ಲಿ ಮಾಡುವುದೇನು

ಬೆಲ್ಜಿಯಂನ ಪ್ಯಾಟ್ರಿಸ್ ಕಾನಿ ಮತ್ತು ಸಂಗಡಿಗರು 2007ರಲ್ಲಿ ತೋರಿಸಿಕೊಟ್ಟ ವಿಚಾರ ಇಡೀ ಕ್ಷೇತ್ರದ ದಿಕ್ಕು ಬದಲಿಸಿತು. ಗ್ರಾಂ ನೆಗೆಟಿವ್ ಎಂಬ ವರ್ಗದ ಬ್ಯಾಕ್ಟೀರಿಯಗಳ ಹೊರಪದರದಲ್ಲಿ ಎಲ್‌ಪಿಎಸ್ ಎಂಬ ವಸ್ತುವಿದೆ. ಅದು ರಕ್ತಕ್ಕೆ ನುಸುಳಿದರೆ ದೇಹ ಅದನ್ನು ಸೋಂಕಿನ ಸೂಚನೆ ಎಂದು ಓದಿ ಉರಿಯೂತ ಎಬ್ಬಿಸುತ್ತದೆ. ಇಲಿಗಳಿಗೆ 4 ವಾರ ಕೊಬ್ಬಿನ ಆಹಾರ ಹಾಕಿದಾಗ ರಕ್ತದ ಎಲ್‌ಪಿಎಸ್ 2–3 ಪಟ್ಟು ಏರಿತು. ಸೋಂಕು ತಗುಲಿದಾಗ ಆಗುವ ಏರಿಕೆಯ ಮುಂದೆ ಇದು ಬಹಳ ಕಡಿಮೆ, ಆದರೆ ದಿನವೂ ಇರುತ್ತದೆ. ಮಾಮೂಲಿ ಆಹಾರ ತಿನ್ನುವ ಇಲಿಗಳಿಗೆ ಅಷ್ಟೇ ಮಟ್ಟದ ಎಲ್‌ಪಿಎಸ್ ಅನ್ನು ಚರ್ಮದಡಿಯ ಪಂಪಿನಿಂದ 4 ವಾರ ಹರಿಸಿದಾಗ ಅವುಗಳ ಸಕ್ಕರೆ, ಇನ್ಸುಲಿನ್, ತೂಕ ಮೂರೂ ಕೊಬ್ಬು ತಿಂದ ಇಲಿಗಳಂತೆಯೇ ಏರಿದವು.

ನುಸುಳುವ ದಾರಿ ಒಂದಕ್ಕಿಂತ ಹೆಚ್ಚು. ಕೊಬ್ಬನ್ನು ಹೀರಿಕೊಂಡ ಕರುಳಿನ ಕೋಶಗಳು ಅದನ್ನು ಕೈಲೋಮೈಕ್ರಾನ್ ಎಂಬ ಹನಿಗಳಾಗಿ ಕಟ್ಟಿ ಕಳಿಸುತ್ತವೆ. ಎಲ್‌ಪಿಎಸ್ ಆ ಹನಿಗಳಿಗೆ ಅಂಟಿಕೊಂಡು ಒಳಗೆ ಹೋಗುತ್ತದೆ. ಕೋಶ ಕೋಶಗಳ ನಡುವಿನ ಬಿಗಿ ಸಡಿಲವಾದರೂ ಹೋಗುತ್ತದೆ. ಕೊಬ್ಬು ಹೆಚ್ಚಾದಷ್ಟೂ ಪಿತ್ತರಸ ಹೆಚ್ಚು ಸುರಿಯುತ್ತದೆ. ಹೀರಿಕೊಳ್ಳದೆ ಉಳಿದ ಪಿತ್ತಾಮ್ಲ ದೊಡ್ಡ ಕರುಳಿಗೆ ಬಂದಾಗ ಅದನ್ನು ತಾಳುವ ಬ್ಯಾಕ್ಟೀರಿಯಗಳು, ಉದಾಹರಣೆಗೆ ಬೈಲೋಫಿಲಾ, ಮೇಲುಗೈ ಪಡೆಯುತ್ತವೆ. ಜೊತೆಗೆ ಕೊಬ್ಬು ತಟ್ಟೆಯ ಜಾಗ ಹಿಡಿದಾಗ ಕಾಳು, ಧಾನ್ಯ, ಸೊಪ್ಪು ಹೊರಗೆ ಹೋಗುತ್ತವೆ. ನಾರು ಸಿಗದ ಬ್ಯಾಕ್ಟೀರಿಯಗಳು ಬ್ಯುಟಿರೇಟ್‌ನಂಥ ಸಣ್ಣ ಸರಪಳಿಯ ಕೊಬ್ಬಿನಾಮ್ಲಗಳನ್ನು ಕಡಿಮೆ ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಬ್ಯುಟಿರೇಟ್ ಮುಖ್ಯ ಇಂಧನ. ಹೊಟ್ಟೆ ತುಂಬಿತು ಎಂದು ತಿಳಿಸುವ, ಇನ್ಸುಲಿನ್‌ಗೆ ನೆರವಾಗುವ ಜಿಎಲ್‌ಪಿ-1 ಹಾರ್ಮೋನ್ ಹೊರಬರುವುದಕ್ಕೂ ಈ ಆಮ್ಲಗಳು ಪ್ರಚೋದನೆ ಕೊಡುತ್ತವೆ.

ಇದು ಇಲಿಗಳಿಗೆ ಮಾತ್ರ ಸೀಮಿತವಲ್ಲ. ಚೀನಾದಲ್ಲಿ 18ರಿಂದ 35 ವಯಸ್ಸಿನ 217 ಆರೋಗ್ಯವಂತರಿಗೆ 6 ತಿಂಗಳು ಊಟವನ್ನೇ ಒದಗಿಸಿ ನಡೆಸಿದ, 2019ರಲ್ಲಿ ಪ್ರಕಟವಾದ ಅಧ್ಯಯನವಿದೆ. ಮೂರು ಗುಂಪುಗಳಿಗೆ ಕೊಬ್ಬಿನ ಪಾಲು ಶೇ. 20, 30 ಮತ್ತು 40. ಬಳಸಿದ್ದು ಮುಖ್ಯವಾಗಿ ಸೋಯಾ ಎಣ್ಣೆ. ಶೇ. 40ರ ಗುಂಪಿನಲ್ಲಿ ಬ್ಯುಟಿರೇಟ್ ತಯಾರಿಸುವ ಫೀಕಾಲಿಬ್ಯಾಕ್ಟೀರಿಯಂ ಇಳಿಯಿತು, ಮಲದಲ್ಲಿ ಸಣ್ಣ ಸರಪಳಿಯ ಆಮ್ಲಗಳು ಕಡಿಮೆಯಾದವು, ಉರಿಯೂತದ ಗುರುತಾದ ಸಿಆರ್‌ಪಿ ಏರಿತು. ಶೇ. 40 ಎಂದರೆ ಅತಿರೇಕದ ಊಟವೇನಲ್ಲ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಅದು 89 ಗ್ರಾಂ ಕೊಬ್ಬು. ಎರಡು ಬೆಣ್ಣೆ ದೋಸೆ, ಮಧ್ಯಾಹ್ನ ತೆಂಗಿನಕಾಯಿ ಅರೆದ ಸಾರು, ಸಂಜೆ ಕರಿದ ತಿಂಡಿ ಸೇರಿದರೆ ಕೀಟೋ ಮಾಡದವರೂ ಅದರ ಹತ್ತಿರಕ್ಕೆ ಬರುತ್ತಾರೆ.

ಇಲಿಯ ತಟ್ಟೆಯಲ್ಲಿ ಏನಿತ್ತು

ಪ್ರೊಬಯಾಟಿಕ್ ಜಾಹೀರಾತುಗಳ ಹಿಂದಿನ ಸಂಶೋಧನೆ ಬಹುಪಾಲು ಇಲಿಗಳದ್ದು. ಅದನ್ನು ಓದುವಾಗ ಮೊದಲು ನೋಡಬೇಕಾದದ್ದು ಬ್ಯಾಕ್ಟೀರಿಯದ ಹೆಸರನ್ನಲ್ಲ, ಆಹಾರದ ನಮೂನೆಯನ್ನು.

ಹೆಚ್ಚು ಬಳಕೆಯಲ್ಲಿರುವುದು ಡಿ12492 ಎಂಬ ತಯಾರಿ ಆಹಾರ. ಶೇ. 60 ಕ್ಯಾಲೊರಿ ಕೊಬ್ಬಿನಿಂದ, ಗ್ರಾಂಗೆ 5.24 ಕ್ಯಾಲೊರಿ. ಸುಮಾರು 774 ಗ್ರಾಂ ಮಿಶ್ರಣದಲ್ಲಿ 245 ಗ್ರಾಂ ಹಂದಿ ಕೊಬ್ಬು, 25 ಗ್ರಾಂ ಸೋಯಾ ಎಣ್ಣೆ, 50 ಗ್ರಾಂ ಸೆಲ್ಯುಲೋಸ್. ನಾರು ಎಂದು ಇರುವುದು ಆ ಸೆಲ್ಯುಲೋಸ್ ಮಾತ್ರ, ಅದನ್ನು ಇಲಿಯ ಕರುಳಿನ ಬ್ಯಾಕ್ಟೀರಿಯಗಳು ಹುದುಗಿಸುವುದು ಅತ್ಯಲ್ಪ. ಪ್ರಯೋಗಶಾಲೆಯ ಮಾಮೂಲಿ ಉಂಡೆ ಆಹಾರ, ಅಂದರೆ ಚೌ, ಗೋಧಿ, ಜೋಳ, ಸೋಯಾಗಳಿಂದ ತಯಾರಾದದ್ದು; ಅದರಲ್ಲಿ ಹುದುಗುವ ನಾರು ಧಾರಾಳವಾಗಿದೆ. ಒಂದು ಗುಂಪಿಗೆ ಚೌ, ಇನ್ನೊಂದಕ್ಕೆ ಡಿ12492 ಹಾಕಿ ಹೋಲಿಸಿದ ಅಧ್ಯಯನ ಕೊಬ್ಬಿನ ಪರಿಣಾಮವನ್ನು ಅಳೆದಂತಲ್ಲ, ಕೊಬ್ಬು ಏರಿಸಿ ನಾರು ಕಿತ್ತದ್ದರ ಒಟ್ಟು ಪರಿಣಾಮವನ್ನು ಅಳೆದಂತೆ. ಸರಿಯಾದ ಜೋಡಿ ಡಿ12450ಜೆ: ಅದರಲ್ಲೂ ಅದೇ ಸೆಲ್ಯುಲೋಸ್, ಅಷ್ಟೇ ಸಕ್ಕರೆ, ಕೊಬ್ಬು ಶೇ. 10.

ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ ಗುಂಪು 2015ರಲ್ಲಿ ಈ ಎಳೆಯನ್ನೇ ಹಿಡಿದು ಬಿಡಿಸಿತು. ಚೌ ಬಿಡಿಸಿ ಶುದ್ಧೀಕರಿಸಿದ ಆಹಾರಕ್ಕೆ ಹಾಕಿದಾಗ, ಕೊಬ್ಬು ಕಡಿಮೆ ಇದ್ದರೂ, ಇಲಿಗಳ ದೊಡ್ಡ ಕರುಳು ಕೆಲವೇ ದಿನಗಳಲ್ಲಿ ಕುಗ್ಗಿತು. ಬ್ಯಾಕ್ಟೀರಿಯಗಳು ಹುದುಗಿಸುವ ಇನ್ಯುಲಿನ್ ಎಂಬ ನಾರು ಸೇರಿಸಿದಾಗ ಕರುಳೂ ಚೇತರಿಸಿಕೊಂಡಿತು, ಕೊಬ್ಬಿನ ಆಹಾರದಿಂದ ಏರುವ ತೂಕವೂ ತಗ್ಗಿತು. ಸೆಲ್ಯುಲೋಸ್ ಸೇರಿಸಿದರೆ ಆ ಲಾಭ ಸಿಗಲಿಲ್ಲ. ಕೊಬ್ಬಿನ ಮೇಲೆ ಹೊರಿಸಿದ್ದ ಹೊಣೆಯಲ್ಲಿ ದೊಡ್ಡ ಪಾಲು ಹುದುಗುವ ನಾರಿನ ಕೊರತೆಯದ್ದು ಎಂದು ಇದರಿಂದ ಸ್ಪಷ್ಟವಾಯಿತು. ಈ ಕ್ಷೇತ್ರದ ಒಂದೇ ಒಂದು ಫಲಿತಾಂಶ ನೆನಪಿಟ್ಟುಕೊಳ್ಳಬೇಕೆಂದರೆ ನಾನು ಇದನ್ನೇ ಆರಿಸುತ್ತೇನೆ.

ಪ್ರಮಾಣದ ಲೆಕ್ಕವೂ ಮುಖ್ಯ. ಇಲಿಗೆ ಸಾಮಾನ್ಯವಾಗಿ ದಿನಕ್ಕೆ 100 ಕೋಟಿ ಬ್ಯಾಕ್ಟೀರಿಯವನ್ನು ನಳಿಕೆಯಿಂದ ಹೊಟ್ಟೆಗೆ ಹಾಕುತ್ತಾರೆ. ಇಲಿಯ ತೂಕ 25 ಗ್ರಾಂ. ಕಿಲೋಗೆ 4000 ಕೋಟಿ ಆಯಿತು. ಔಷಧಗಳಿಗೆ ಬಳಸುವ ಮೈ ಮೇಲ್ಮೈ ಸೂತ್ರದಂತೆ ಇದನ್ನು 12.3ರಿಂದ ಭಾಗಿಸಿ 60 ಕಿಲೋ ಮನುಷ್ಯನಿಗೆ ಗುಣಿಸಿದರೆ ದಿನಕ್ಕೆ ಸುಮಾರು 20,000 ಕೋಟಿ. ಅಂಗಡಿಯ ಕ್ಯಾಪ್ಸೂಲಿನಲ್ಲಿ ಸಾಮಾನ್ಯವಾಗಿ 100ರಿಂದ 1000 ಕೋಟಿ ಇರುತ್ತದೆ. ಬ್ಯಾಕ್ಟೀರಿಯಕ್ಕೆ ಈ ಸೂತ್ರ ಪೂರ್ತಿ ಹೊಂದುವುದಿಲ್ಲ, ಆದರೂ ಅಂತರ ಎಷ್ಟೆಂದು ಅಂದಾಜು ಸಿಗುತ್ತದೆ.

ಸಂಶೋಧನೆಗೆ ಇಳಿಯುವ ವಿದ್ಯಾರ್ಥಿಗಳು ಎಡವುವ ಜಾಗಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ. ಇಲಿಗಳು ಒಂದರ ಹಿಕ್ಕೆ ಇನ್ನೊಂದು ತಿನ್ನುತ್ತವೆ, ಹಾಗಾಗಿ ಒಂದೇ ಪಂಜರದ ಐದು ಇಲಿಗಳ ಕರುಳಿನ ಬ್ಯಾಕ್ಟೀರಿಯಗಳು ಒಂದೇ ಥರ ಆಗುತ್ತವೆ. ಪ್ರೊಬಯಾಟಿಕ್ ಇಲಿಗಳೆಲ್ಲ ಎರಡು ಪಂಜರದಲ್ಲಿ, ಹೋಲಿಕೆಯ ಇಲಿಗಳೆಲ್ಲ ಇನ್ನೆರಡರಲ್ಲಿ ಇದ್ದರೆ ನಿಮ್ಮ ಸಂಖ್ಯೆ ಹತ್ತಲ್ಲ, ಎರಡು. ಕೊಬ್ಬಿನ ಉಂಡೆ ಮೆತ್ತಗಿದ್ದು ಪುಡಿಯಾಗಿ ಕೆಳಗೆ ಬೀಳುತ್ತದೆ; ಅದನ್ನು ಗುಡಿಸಿ ತೂಗದಿದ್ದರೆ ತಿಂದದ್ದಕ್ಕಿಂತ ಹೆಚ್ಚು ತಿಂದಂತೆ ಲೆಕ್ಕ ಬರುತ್ತದೆ. ಹೊರಗಿಟ್ಟರೆ ಕಮಟು ಹಿಡಿದು ಇಲಿಗಳು ತಿನ್ನುವುದನ್ನೇ ಕಡಿಮೆ ಮಾಡುತ್ತವೆ, ತೂಕ ಇಳಿದದ್ದನ್ನು ಪ್ರೊಬಯಾಟಿಕ್ ಲೆಕ್ಕಕ್ಕೆ ಬರೆಯುವಂತಾಗುತ್ತದೆ. ಫ್ರಿಜ್ಜಿನಲ್ಲಿಟ್ಟು ವಾರಕ್ಕೆ ಎರಡು ಸಲವಾದರೂ ಹೊಸದು ಹಾಕಬೇಕು. ಗ್ಲೂಕೋಸ್ ಪರೀಕ್ಷೆಯಲ್ಲಿ ಕಿಲೋಗೆ 2 ಗ್ರಾಂ ಎಂದು ಒಟ್ಟು ತೂಕದ ಮೇಲೆ ಕೊಟ್ಟರೆ ದಪ್ಪ ಇಲಿಗೆ ಸ್ನಾಯುವಿನ ತೂಕಕ್ಕೆ ಮೀರಿದ ಸಕ್ಕರೆ ಹೋಗಿ ಅದರ ಫಲಿತಾಂಶ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಕೊಬ್ಬು ಬಿಟ್ಟ ತೂಕದ ಮೇಲೆ ಕೊಡುವುದು ಮೇಲು.

ಯಾವ ತಳಿಗೆ ಏನು ಆಧಾರ

ಲ್ಯಾಕ್ಟೊಬ್ಯಾಸಿಲಸ್ ಗ್ಯಾಸೆರಿ ಎಸ್‌ಬಿಟಿ2055 ಜಪಾನಿನ ತಳಿ. 2010ರ ಪ್ರಯೋಗದಲ್ಲಿ 87 ಜನ 12 ವಾರ ದಿನಕ್ಕೆ 200 ಗ್ರಾಂ ಹುದುಗಿಸಿದ ಹಾಲು ಕುಡಿದರು. ತಳಿ ಇದ್ದ ಗುಂಪಿನಲ್ಲಿ ಹೊಟ್ಟೆಯೊಳಗಿನ ಕೊಬ್ಬಿನ ವಿಸ್ತೀರ್ಣ ಶೇ. 4.6ರಷ್ಟು ಇಳಿಯಿತು. 2013ರಲ್ಲಿ 210 ಜನರ ಮೇಲೆ ಗ್ರಾಂಗೆ 1 ಕೋಟಿ ಮತ್ತು 10 ಲಕ್ಷ ಎಂಬ ಎರಡು ಪ್ರಮಾಣಗಳನ್ನು ಪರೀಕ್ಷಿಸಿದಾಗ ಎರಡರಲ್ಲೂ ಇಳಿಕೆ ಶೇ. 8ರ ಮೇಲಿತ್ತು. ಹತ್ತು ಪಟ್ಟು ಹೆಚ್ಚು ಕೊಟ್ಟದ್ದರಿಂದ ಹೆಚ್ಚಿನ ಲಾಭ ಬರಲಿಲ್ಲ. ಕುಡಿಯುವುದು ನಿಲ್ಲಿಸಿದ 4 ವಾರಗಳಲ್ಲಿ ಗಳಿಸಿದ್ದು ಕರಗತೊಡಗಿತು. ಹೊರಗಿನಿಂದ ಬಂದ ಬ್ಯಾಕ್ಟೀರಿಯ ಬಹುಪಾಲು ಜನರ ಕರುಳಿನಲ್ಲಿ ನೆಲೆ ನಿಲ್ಲುವುದಿಲ್ಲ, ಹಾದುಹೋಗುತ್ತದೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2018ರಲ್ಲಿ ಎಂಡೋಸ್ಕೋಪಿಯಿಂದ ಮಾದರಿ ತೆಗೆದು ನೋಡಿದಾಗ ಕೆಲವರ ಕರುಳು ಅದನ್ನು ಸ್ವೀಕರಿಸಿತ್ತು, ಕೆಲವರದು ತಳ್ಳಿಹಾಕಿತ್ತು.

ಕೆನಡಾದ ಲವಾಲ್ ವಿಶ್ವವಿದ್ಯಾಲಯದಲ್ಲಿ ಲ್ಯಾಕ್ಟೊಬ್ಯಾಸಿಲಸ್ ರ‍್ಯಾಮ್ನೋಸಸ್‌ನ ಒಂದು ತಳಿಯನ್ನು 125 ಜನರಿಗೆ 24 ವಾರ ಕೊಟ್ಟಾಗ ಹೆಂಗಸರ ತೂಕ ಹುಸಿ ಮಾತ್ರೆಯವರಿಗಿಂತ ಹೆಚ್ಚು ಇಳಿಯಿತು, ಗಂಡಸರದು ಇಳಿಯಲಿಲ್ಲ. ಅದೇ ಕುಲದ ರ‍್ಯೂಟೆರಿಯ ಎನ್‌ಸಿಐಎಂಬಿ 30242 ತಳಿಗೆ ಪಿತ್ತಲವಣಗಳನ್ನು ಒಡೆಯುವ ಕಿಣ್ವವಿದೆ. ಒಡೆದ ಪಿತ್ತಾಮ್ಲ ಮರಳಿ ಹೀರಲ್ಪಡುವುದು ಕಡಿಮೆ, ಹೊಸದನ್ನು ತಯಾರಿಸಲು ಲಿವರ್ ರಕ್ತದ ಕೊಲೆಸ್ಟರಾಲ್ ಬಳಸುತ್ತದೆ. 9 ವಾರದ ಪ್ರಯೋಗದಲ್ಲಿ ಕೆಟ್ಟ ಕೊಲೆಸ್ಟರಾಲ್ ಎನಿಸಿದ ಎಲ್‌ಡಿಎಲ್ ಸುಮಾರು ಶೇ. 11.6 ಇಳಿದಿತ್ತು. ಕೊಬ್ಬಿನ ಊಟದಿಂದ ಎಲ್‌ಡಿಎಲ್ ಏರಿದವರಿಗೆ ಇದು ಆಸಕ್ತಿಯ ಸಂಗತಿ, ಕೊಲೆಸ್ಟರಾಲ್ ಇಳಿಸುವ ಮಾತ್ರೆಯಾದ ಸ್ಟ್ಯಾಟಿನ್‌ಗೆ ಬದಲಿಯಲ್ಲ.

ಅಕರ್ಮಾನ್ಸಿಯಾ ಮ್ಯೂಸಿನಿಫಿಲಾದ ಕಥೆ ಬೇರೆ. ಇದು ಕರುಳಿನ ಲೋಳೆಪದರದಲ್ಲೇ ಬದುಕುವ ಬ್ಯಾಕ್ಟೀರಿಯ, ಕೊಬ್ಬು ತಿಂದ ಇಲಿಗಳಲ್ಲಿ ಇದು ಬಹಳ ಕುಗ್ಗುತ್ತದೆ. 2013ರಲ್ಲಿ ಕಾನಿ ಗುಂಪು ಜೀವಂತ ಅಕರ್ಮಾನ್ಸಿಯಾ ಕೊಟ್ಟು ಇಲಿಗಳ ತೂಕ, ಸಕ್ಕರೆ, ಎಲ್‌ಪಿಎಸ್ ತಗ್ಗಿಸಿತು. ಆಟೋಕ್ಲೇವ್ ಮಾಡಿ, ಅಂದರೆ ಒತ್ತಡದ ಉಗಿಯಲ್ಲಿ ಬೇಯಿಸಿ, ಕೊಂದದ್ದು ಕೆಲಸ ಮಾಡಲಿಲ್ಲ. ಆದರೆ 2017ರಲ್ಲಿ 70 ಡಿಗ್ರಿಯಲ್ಲಿ 30 ನಿಮಿಷ ಪಾಶ್ಚರೀಕರಿಸಿದ್ದು ಜೀವಂತದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಅದರ ಹೊರಪದರದ ಒಂದು ಪ್ರೋಟೀನ್ ಆ ಬಿಸಿಗೆ ಹಾಳಾಗದೆ ಉಳಿಯುವುದು ಒಂದು ಕಾರಣ. 2019ರಲ್ಲಿ ತೂಕ ಹೆಚ್ಚಿರುವ 32 ಜನ 3 ತಿಂಗಳು ಪ್ರಯೋಗ ಮುಗಿಸಿದರು. ಪಾಶ್ಚರೀಕರಿಸಿದ್ದನ್ನು ದಿನಕ್ಕೆ 1000 ಕೋಟಿ ತೆಗೆದುಕೊಂಡವರ ಇನ್ಸುಲಿನ್ ಸಂವೇದನೆ ಹುಸಿ ಮಾತ್ರೆಯವರಿಗಿಂತ ಶೇ. 28ರಷ್ಟು ಉತ್ತಮವಾಗಿತ್ತು, ಕೊಲೆಸ್ಟರಾಲ್ ಶೇ. 8ರಷ್ಟು ಕಡಿಮೆ ಇತ್ತು. ಇದನ್ನು ಓದಿ ಕುದಿಸಿದ ಮಜ್ಜಿಗೆ ಹುಳಿಯಿಂದಲೂ ಇದೇ ಲಾಭ ಎಂದುಕೊಳ್ಳಬೇಡಿ. ಆ ಗುಣ ಆ ಬ್ಯಾಕ್ಟೀರಿಯದ್ದು, ಆ ಬಿಸಿಯದ್ದು. ಇಲಿಗಳ ಹೊಟ್ಟೆಯಲ್ಲಿ ಇದೇ ಅಕರ್ಮಾನ್ಸಿಯಾವನ್ನು ಹೊರಗಿನಿಂದ ಹಾಕದೆ, ಆಲಿಗೋಫ್ರಕ್ಟೋಸ್ ಎಂಬ ನಾರು ಕೊಟ್ಟು ಹೆಚ್ಚಿಸಿದ್ದೂ ಇದೆ.

ಮೊದಲು ನಾರು

ದಿನಕ್ಕೆ ಪ್ರತಿ 1000 ಕ್ಯಾಲೊರಿಗೆ 15 ಗ್ರಾಂ ನಾರು ಸಿಗುವಂತೆ ನೋಡಿಕೊಳ್ಳಿ. 2000 ಕ್ಯಾಲೊರಿಗೆ 30 ಗ್ರಾಂ. ಲೆಕ್ಕಕ್ಕೆ 100 ಗ್ರಾಂ ಹಸಿ ಪದಾರ್ಥದ ಅಂಕಿಗಳು ಹೀಗಿವೆ: ಕಡಲೆಕಾಳು ಸುಮಾರು 25 ಗ್ರಾಂ, ಹೆಸರುಕಾಳು 17, ರಾಗಿ 11, ಜೋಳ 10, ಪಾಲಿಶ್ ಅಕ್ಕಿ 3ಕ್ಕೂ ಕಡಿಮೆ. 80 ಗ್ರಾಂ ರಾಗಿ ಹಿಟ್ಟಿನ ಒಂದು ಮುದ್ದೆಗೆ 9 ಗ್ರಾಂ, 40 ಗ್ರಾಂ ಹೆಸರುಕಾಳಿನ ಉಸಲಿ ಅಥವಾ ಪಲ್ಯಕ್ಕೆ 7 ಗ್ರಾಂ, ಎರಡು ಬಟ್ಟಲು ಸೊಪ್ಪು ತರಕಾರಿ ಪಲ್ಯಕ್ಕೆ 6–8 ಗ್ರಾಂ, ಒಂದು ಸೀಬೆಹಣ್ಣಿಗೆ 5ರ ಮೇಲೆ. ಮುದ್ದೆ, ಜೋಳದ ರೊಟ್ಟಿ, ಕಾಳಿನ ಸಾರು ಉಣ್ಣುವ ಮನೆಯಲ್ಲಿ 30 ಗ್ರಾಂ ಕಷ್ಟವಿಲ್ಲ. ಇಡ್ಲಿ, ಅನ್ನ, ತೆಳು ಸಾರು, ಚಪಾತಿಯ ದಿನಚರಿಯಲ್ಲಿ ಅರ್ಧಕ್ಕೇ ನಿಲ್ಲುತ್ತದೆ.

ಕೀಟೋದವರಿಗೆ ದಿನಕ್ಕೆ 20–50 ಗ್ರಾಂ ಕಾರ್ಬ್ ಮಿತಿ ಇರುವುದರಿಂದ ಮುದ್ದೆ, ಕಾಳು ಹೆಚ್ಚು ಕೂರುವುದಿಲ್ಲ. ಅವರಿಗೆ ಅಗಸೆ ಬೀಜ ಒಳ್ಳೆಯದು. 10 ಗ್ರಾಂನಲ್ಲಿ ಸುಮಾರು 2.6 ಗ್ರಾಂ ನಾರು, ಉತ್ತರ ಕರ್ನಾಟಕದ ಅಗಸಿ ಹಿಂಡಿಯೇ ಸಾಕು. ಇಡಿಯಾಗಿ ನುಂಗಿದರೆ ಹಾಗೇ ಹೊರಬರುತ್ತದೆ, ಹುರಿದು ಪುಡಿ ಮಾಡಬೇಕು. ಮೆಂತ್ಯ ಸೊಪ್ಪು, ಬೆಂಡೆ, ಬದನೆ, ಹೂಕೋಸು, ಈರುಳ್ಳಿ, ಬೆಳ್ಳುಳ್ಳಿ ಇರಲಿ. ಕೊನೆಯ ಎರಡರಲ್ಲಿ ಇನ್ಯುಲಿನ್ ಜಾತಿಯ ನಾರೇ ಇದೆ. ಇಸಬ್‌ಗೋಲ್ ಎಲ್‌ಡಿಎಲ್ ಇಳಿಸುತ್ತದೆ, ಮಲಬದ್ಧತೆಗೂ ಆಗುತ್ತದೆ, ಆದರೆ ಬ್ಯಾಕ್ಟೀರಿಯಗಳು ಅದನ್ನು ಹುದುಗಿಸುವುದು ಕಡಿಮೆ. ಅದೊಂದನ್ನೇ ನಂಬಿದರೆ ಇಲಿಗಳ ಸೆಲ್ಯುಲೋಸ್ ಸ್ಥಿತಿಗೆ ಹತ್ತಿರವಾದಂತೆ. ತೆಗೆದುಕೊಂಡರೆ 5 ಗ್ರಾಂಗೆ ತುಂಬಿದ ಲೋಟ ನೀರು, ಬೇರೆ ಮಾತ್ರೆಗಳಿಗೂ ಅದಕ್ಕೂ 2 ಗಂಟೆ ಅಂತರ.

ನಾರನ್ನು ಒಂದೇ ದಿನ ದುಪ್ಪಟ್ಟು ಮಾಡಿದರೆ ಹೊಟ್ಟೆ ಉಬ್ಬರ ಖಂಡಿತ, ಮೂರನೇ ದಿನಕ್ಕೆ ಬಿಟ್ಟುಬಿಡುವಂತಾಗುತ್ತದೆ. ವಾರಕ್ಕೆ 5 ಗ್ರಾಂನಂತೆ ಏರಿಸಿ. ಕಾಳು ರಾತ್ರಿ ನೆನೆಸಿ ಆ ನೀರು ಚೆಲ್ಲಿ ಬೇಯಿಸಿದರೆ ವಾಯು ಕಡಿಮೆ.

ಮೊಸರು ಎಲ್ಲಿ ನಿಲ್ಲುತ್ತದೆ

ಮನೆಯ ಮೊಸರಿನಲ್ಲಿ ಸ್ಟ್ರೆಪ್ಟೊಕಾಕಸ್ ಥರ್ಮೋಫಿಲಸ್, ಬಲ್ಗಾರಿಕಸ್, ಲ್ಯಾಕ್ಟೊಕಾಕಸ್, ಫರ್ಮೆಂಟಮ್ ಹೀಗೆ ಹಲವು ಇರಬಹುದು, ಮನೆಯಿಂದ ಮನೆಗೆ ಬೇರೆ. ಯೋಗರ್ಟ್‌ಗೆ ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಕೇಳುವ ಕನಿಷ್ಠ ಸಂಖ್ಯೆ ಗ್ರಾಂಗೆ 1 ಕೋಟಿ. ಹಾಗಾಗಿ ಒಂದು ಬಟ್ಟಲು ತಾಜಾ ಮೊಸರು ಸಂಖ್ಯೆಯಲ್ಲಿ ಕ್ಯಾಪ್ಸೂಲಿಗೆ ಸೋಲುವುದಿಲ್ಲ. ತಳಿ ಯಾವುದೆಂದು ಗೊತ್ತಿಲ್ಲದ ಕಾರಣ ಮೇಲಿನ ಪ್ರಯೋಗಗಳ ಫಲವನ್ನು ಅದರ ಹೆಸರಿಗೆ ಬರೆಯಲಾಗುವುದಿಲ್ಲ. ಮೊಸರು ಒಳ್ಳೆಯ ಆಹಾರ, ಮದ್ದಲ್ಲ. ಆದರೆ ದಿನವೂ ಎರಡು ಹೊತ್ತು, ಅಗ್ಗವಾಗಿ ಸಿಗುವುದು ಅದೇ, ಆದ್ದರಿಂದ ಅದನ್ನು ಸರಿಯಾಗಿ ಮಾಡುವುದು ಲಾಭ.

ಹಾಲನ್ನು ಕುದಿಬಂದ ಮೇಲೆ ಸಣ್ಣ ಉರಿಯಲ್ಲಿ 10 ನಿಮಿಷ ಇಡಿ, ಮೊಸರು ಗಟ್ಟಿಯಾಗುತ್ತದೆ. 42–43 ಡಿಗ್ರಿಗೆ ಆರಿಸಿ, ಅರ್ಧ ಲೀಟರಿಗೆ 10 ಗ್ರಾಂ, ಅಂದರೆ ಎರಡು ಟೀ ಚಮಚ ತಾಜಾ ಹೆಪ್ಪು ಕದಡಿ, ಅಲ್ಲಾಡಿಸದೆ 5–6 ಗಂಟೆ ಬಿಡಿ, ಹೆಪ್ಪಾದ ಕೂಡಲೇ ಫ್ರಿಜ್ಜಿಗೆ. ಹಾಲು 50 ದಾಟಿದ್ದಾಗ ಹೆಪ್ಪು ಹಾಕಿದರೆ ಬ್ಯಾಕ್ಟೀರಿಯ ಸತ್ತು ಒಡೆದಂತಾಗುತ್ತದೆ. ಬೆಂಗಳೂರಿನ ಚಳಿಗಾಲದಲ್ಲಿ ಹೊರಗಿಟ್ಟರೆ ತಣ್ಣನೆಯ ವಾತಾವರಣಕ್ಕೆ ಒಗ್ಗಿದ ಬ್ಯಾಕ್ಟೀರಿಯಗಳು ಮುಂದೆ ಬಂದು ಮೊಸರು ಎಳೆ ಎಳೆಯಾಗಿ ಲೋಳೆ ಬರುತ್ತದೆ, ಹಾಟ್‌ಬಾಕ್ಸ್‌ನಲ್ಲಿ ಇಡಿ. ಹುಳಿ ಹೆಚ್ಚಾದಷ್ಟೂ ಬ್ಯಾಕ್ಟೀರಿಯ ಹೆಚ್ಚು ಎಂಬ ಲೆಕ್ಕ ತಪ್ಪು. ಆಮ್ಲ ಏರಿದಂತೆ ಅವು ಸಾಯುತ್ತವೆ, ಮೂರು ದಿನದೊಳಗೆ ಮುಗಿಸಿ. ಬಿಸಿ ಅನ್ನಕ್ಕೆ ಮೊಸರು ಕಲಸಿದರೂ ನಷ್ಟ. ಅನ್ನ ಕೈಗೆ ಬೆಚ್ಚಗೆ ಹತ್ತುವಷ್ಟು ಆರಿರಲಿ. ಮಜ್ಜಿಗೆ ಹುಳಿಯಲ್ಲಿ ಜೀವಂತ ಬ್ಯಾಕ್ಟೀರಿಯ ಉಳಿಯುವುದಿಲ್ಲ.

ಕೊಬ್ಬಿನ ಲೆಕ್ಕವನ್ನೂ ಮರೆಯಬೇಡಿ. ಫುಲ್ ಕ್ರೀಮ್ ಹಾಲಿನಲ್ಲಿ ಶೇ. 6 ಕೊಬ್ಬು, ಟೋನ್ಡ್‌ನಲ್ಲಿ 3, ಡಬಲ್ ಟೋನ್ಡ್‌ನಲ್ಲಿ 1.5. 200 ಗ್ರಾಂ ಮೊಸರಿಗೆ ಕ್ರಮವಾಗಿ 12, 6, 3 ಗ್ರಾಂ. ಕಡೆದು ಬೆಣ್ಣೆ ತೆಗೆದ ಮಜ್ಜಿಗೆ ಎಲ್ಲಕ್ಕಿಂತ ಹಗುರ, ಬ್ಯಾಕ್ಟೀರಿಯ ಅದರಲ್ಲೂ ಇದೆ.

ಡಬ್ಬಿಯ ಮೇಲಿನ ಅಕ್ಷರ

ಇಷ್ಟಾದ ಮೇಲೂ ಕ್ಯಾಪ್ಸೂಲ್ ಬೇಕೆನಿಸಿದರೆ ಕುಲ, ಪ್ರಭೇದ, ತಳಿಯ ಸಂಕೇತ ಮೂರೂ ಅಚ್ಚಾಗಿವೆಯೇ ನೋಡಿ. ಭಾರತದಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ) 2011ರಲ್ಲೇ ಈ ಮಾರ್ಗಸೂಚಿ ಕೊಟ್ಟಿವೆ; ದಿನದ ಸೇವನೆಯಲ್ಲಿ ಕನಿಷ್ಠ 10 ಕೋಟಿ ಜೀವಂತ ಬ್ಯಾಕ್ಟೀರಿಯ ಇರಬೇಕೆಂಬುದು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ. ತಯಾರಿಸಿದಾಗಿನ ಸಂಖ್ಯೆ ಬೇರೆ, ಅವಧಿ ಮುಗಿಯುವವರೆಗೆ ಉಳಿಯುವ ಸಂಖ್ಯೆ ಬೇರೆ, ಬೇಕಾದ್ದು ಎರಡನೆಯದು. 2020ರಲ್ಲಿ ಲ್ಯಾಕ್ಟೊಬ್ಯಾಸಿಲಸ್ ಕುಲವನ್ನು 25 ಕುಲಗಳಾಗಿ ಒಡೆದಿದ್ದಾರೆ, ಹಾಗಾಗಿ ಲ್ಯಾಕ್ಟಿಕೇಸಿಬ್ಯಾಸಿಲಸ್ ರ‍್ಯಾಮ್ನೋಸಸ್ ಎಂದಿದ್ದರೆ ಗಾಬರಿ ಬೇಡ, ಹಳೆಯದೇ. ‘ಲ್ಯಾಕ್ಟೊಬ್ಯಾಸಿಲಸ್ ಸ್ಪೋರೋಜೆನಿಸ್’ ಎಂದಿದ್ದರೆ ಅದು ವಾಸ್ತವದಲ್ಲಿ ಬ್ಯಾಸಿಲಸ್ ಕೊಯಾಗ್ಯುಲಾನ್ಸ್. ಬೀಜಕಣ ರೂಪದಲ್ಲಿರುವುದರಿಂದ ಬಿಸಿ ತಾಳುತ್ತದೆ, ಆದರೆ ಮೇಲಿನ ಲ್ಯಾಕ್ಟೊಬ್ಯಾಸಿಲಸ್ ಪ್ರಯೋಗಗಳಿಗೂ ಅದಕ್ಕೂ ಸಂಬಂಧವಿಲ್ಲ.

‘ಪ್ರೀಬಯಾಟಿಕ್ ಸಹಿತ’ ಎಂಬ ಸಾಲಿನ ಪಕ್ಕದ ಮಿಲಿಗ್ರಾಂ ಓದಿ. ಪ್ರೀಬಯಾಟಿಕ್ ಎಂದರೆ ಬ್ಯಾಕ್ಟೀರಿಯಗಳಿಗೆ ಆಹಾರವಾಗುವ ನಾರು. ಕೆನಡಾದ ಕ್ಯಾಲ್ಗರಿಯಲ್ಲಿ 12 ವಾರಕ್ಕೆ ಸುಮಾರು 1 ಕಿಲೋ ತೂಕ ಇಳಿಸಿದ ಆಲಿಗೋಫ್ರಕ್ಟೋಸ್ ಪ್ರಮಾಣ ದಿನಕ್ಕೆ 21 ಗ್ರಾಂ. ಕ್ಯಾಪ್ಸೂಲಿನಲ್ಲಿರುವ 100 ಮಿಲಿಗ್ರಾಂ ಅದರ 210ನೇ ಒಂದು ಭಾಗ. ಸಿಹಿ ಪಾನೀಯವಾದರೆ 65 ಮಿ.ಲೀ. ಬಾಟಲಿಗೆ 10 ಗ್ರಾಂ ಆಸುಪಾಸು ಸಕ್ಕರೆ ಇರಬಹುದು. ದಿನಕ್ಕೆ ಎರಡಾದರೆ ನಾಲ್ಕು ಚಮಚ. ಸಕ್ಕರೆ ಕಾಯಿಲೆಯವರು, ಕೀಟೋದವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ಬೀಜಕಣವಲ್ಲದ ತಳಿಗಳಿಗೆ ಬಿಸಿ, ತೇವ ಎರಡೂ ಶತ್ರು. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಕೊರಿಯರ್ ವ್ಯಾನಿನಲ್ಲಿ ಎರಡು ದಿನ ಕಳೆದ ಡಬ್ಬಿಯಲ್ಲಿ ಎಷ್ಟು ಉಳಿದಿದೆ ಎಂದು ಯಾರೂ ಹೇಳಲಾರರು. ಫ್ರಿಜ್ ಇರುವ ಅಂಗಡಿಯಲ್ಲೇ ಕೊಳ್ಳಿ. ಊಟದ ಜೊತೆ ಅಥವಾ ಅರ್ಧ ಗಂಟೆ ಮೊದಲು ನುಂಗಿ. ಪ್ರಯೋಗಶಾಲೆಯ ಕೃತಕ ಜಠರದಲ್ಲಿ ನೋಡಿದಾಗ, ಸ್ವಲ್ಪ ಕೊಬ್ಬಿರುವ ಆಹಾರದ ಜೊತೆ ಹೋದವು ಹೆಚ್ಚು ಬದುಕಿದವು, ಊಟವಾಗಿ ಅರ್ಧ ಗಂಟೆಯ ನಂತರ ಹೋದವು ಕಡಿಮೆ. ಆ್ಯಂಟಿಬಯಾಟಿಕ್ ನಡೆಯುತ್ತಿದ್ದರೆ 2–3 ಗಂಟೆ ಅಂತರ ಇರಲಿ.

ಫಲ ಅಳೆಯುವ ಬಗೆ: ಶುರುವಿಗೆ ಮುಂಚೆ ಸೊಂಟದ ಸುತ್ತಳತೆ (ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಮಿತಿ), ಖಾಲಿ ಹೊಟ್ಟೆಯ ಗ್ಲೂಕೋಸ್ ಮತ್ತು ಇನ್ಸುಲಿನ್, ಟ್ರೈಗ್ಲಿಸರೈಡ್, ಎಚ್‌ಡಿಎಲ್, ಎಲ್‌ಡಿಎಲ್, ಎಸ್‌ಜಿಪಿಟಿ (ಲಿವರ್ ಪರೀಕ್ಷೆ), ಎಚ್‌ಬಿಎ1ಸಿ. ಗ್ಲೂಕೋಸ್ ಅನ್ನು ಇನ್ಸುಲಿನ್‌ನಿಂದ ಗುಣಿಸಿ 405ರಿಂದ ಭಾಗಿಸಿದರೆ ಇನ್ಸುಲಿನ್ ಪ್ರತಿರೋಧದ ಅಂದಾಜಾದ ಹೋಮಾ ಐಆರ್ ಸಿಗುತ್ತದೆ. 98 ಮತ್ತು 14 ಇದ್ದರೆ 3.4. ಮೊದಲ 4 ವಾರ ನಾರು ಮಾತ್ರ ಏರಿಸಿ, ಪರೀಕ್ಷೆ ಮಾಡಿಸಿ, ನಂತರ 12 ವಾರ ಒಂದೇ ತಳಿ, ಮತ್ತೆ ಅದೇ ಲ್ಯಾಬಿನಲ್ಲಿ ಪರೀಕ್ಷೆ. ಎರಡನ್ನೂ ಒಟ್ಟಿಗೆ ಶುರು ಮಾಡಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ. 12 ವಾರದಲ್ಲಿ ಅಂಕಿ ಅಲುಗಾಡದಿದ್ದರೆ ಆ ತಳಿಯನ್ನು ನಿಲ್ಲಿಸಿ. ಎಲ್‌ಡಿಎಲ್ ಏರಿದ್ದರೆ ಪ್ರೊಬಯಾಟಿಕ್ ಹುಡುಕುವ ಮೊದಲು ತುಪ್ಪ, ಬೆಣ್ಣೆ, ಪಾಮ್ ಎಣ್ಣೆ ಇಳಿಸಿ ಕಡಲೆಕಾಯಿ, ಎಳ್ಳು, ಸಾಸಿವೆ ಎಣ್ಣೆಗೆ ಬದಲಿಸಿ. ಮೆಟ್‌ಫಾರ್ಮಿನ್, ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ತಾವಾಗಿ ಕಡಿಮೆ ಮಾಡಬಾರದು.

ಕೀಮೋಥೆರಪಿಯಲ್ಲಿರುವವರು, ಅಂಗ ಕಸಿ ಆದವರು, ಕೇಂದ್ರ ರಕ್ತನಾಳದಲ್ಲಿ ಕ್ಯಾಥಿಟರ್ ಇರುವವರು ವೈದ್ಯರನ್ನು ಕೇಳದೆ ಪ್ರೊಬಯಾಟಿಕ್ ಮುಟ್ಟಬಾರದು. ಅಪರೂಪಕ್ಕೆ ಬ್ಯಾಕ್ಟೀರಿಯ ರಕ್ತಕ್ಕೆ ಇಳಿಯುತ್ತದೆ. ಟ್ರೈಗ್ಲಿಸರೈಡ್ 1000 ದಾಟಿದವರಿಗೆ ಇನ್ನೂ ಒಂದು ಎಚ್ಚರ. ಅವರಿಗೆ ಮೇದೋಜೀರಕದ ಉರಿಯೂತ ಬರುವ ಅಪಾಯವಿದೆ. 2008ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಪ್ರಯೋಗದಲ್ಲಿ, ತೀವ್ರವಾಗಬಹುದೆಂದು ಅಂದಾಜಿಸಿದ ಮೇದೋಜೀರಕ ಉರಿಯೂತದ 298 ರೋಗಿಗಳಲ್ಲಿ ಆರು ತಳಿಗಳ ಮಿಶ್ರಣ ಪಡೆದ ಗುಂಪಿನಲ್ಲಿ 24 ಜನ ತೀರಿಕೊಂಡರು, ಹುಸಿ ಮಿಶ್ರಣದ ಗುಂಪಿನಲ್ಲಿ 9 ಜನ. ಕೊಬ್ಬಿನ ಊಟದ ನಂತರ ಮೇಲ್ಹೊಟ್ಟೆಯಲ್ಲಿ ಶುರುವಾಗಿ ಬೆನ್ನಿಗೆ ಹರಡುವ ಬಲವಾದ ನೋವು, ವಾಂತಿ ಕಂಡರೆ ಮೊಸರು, ಕ್ಯಾಪ್ಸೂಲ್ ಎಲ್ಲ ಬದಿಗಿಟ್ಟು ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಪ್ರೊಬಯಾಟಿಕ್ ತೆಗೆದುಕೊಳ್ಳುತ್ತಿದ್ದರೆ ಅದರ ಹೆಸರನ್ನೂ ಅಲ್ಲಿ ಹೇಳಿ.